ಹಿಂಡಿನ ನಡುವೆ ನಿಂತ ಭಾವ

ನನ್ನ ಭಾವನನ್ನು ಕಂಡರೆ ನನಗೆ ಹೊಟ್ಟೆಯುರಿ. ಈಗಲೂ ಇಲ್ಲವೆನ್ನಲಾರೆ. ಅಕ್ಕನ ಗಂಡನಾದ ಅವನು ಮಾನ್ವಿಯ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ನಮ್ಮೂರು ಅರಕೇರಾಕ್ಕೆ ಬಂದನೆಂದರೆ ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲೇ ಅಪ್ಪನ ಜೊತೆ ಕುರಿ ಹಿಂದೆ ಹೊರಟುಬಿಡುತ್ತಿದ್ದ. ಅವನ ಸಿಳ್ಳೆಗೆ ನಮ್ಮ ಕುರಿಗಳು ತಲೆಯೆತ್ತುತ್ತಿದ್ದವು. ನನ್ನದಕ್ಕೆ ಎತ್ತುತ್ತಿರಲಿಲ್ಲ. "ಅಳಿಯ ಅಂದ್ರ ಹಿಂಗಿರಬೇಕು ನೋಡು," ಎಂದು ಅಪ್ಪ ನನ್ನೆದುರಿಗೇ ಅನ್ನುತ್ತಿದ್ದ. ದೇವದುರ್ಗದಲ್ಲಿ ಮಾಸ್ತರನಾಗಿದ್ದ ಮಗ ನಾನು ಹೇಗಿದ್ದೇನೆಂದು ಮಾತ್ರ ಯಾವತ್ತೂ ಹೇಳಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ರಾಯಚೂರಿನಿಂದ ಒಂದು ಹಳೆಯ ಸಣ್ಣ ಕ್ಯಾಮೆರಾ ತಂದೆ. ಅದರ ಕಿಂಡಿಯಲ್ಲಿ ಇಣುಕಿದರೆ ಹತ್ತಿರದ್ದೂ ದೂರದ್ದೂ ಒಂದೇ ಸಮ ನಿಚ್ಚಳ. ಫೋಟೋದಲ್ಲಿ ಹಾಗೆ ಬರುವುದಿಲ್ಲ, ದೂರವನ್ನು ಮೊದಲೇ ಅಂದಾಜು ಮಾಡಬೇಕು. ಬಾಡಿಗೆ ಮನೆಯ ಅಂಗಳದಲ್ಲಿ ಎರಡು ಹೆಜ್ಜೆಗೆ ತಂಬಿಗೆ, ಆರಕ್ಕೆ ಕೊಡ, ಹನ್ನೆರಡಕ್ಕೆ ಸೈಕಲ್ಲು ನಿಲ್ಲಿಸಿ ತೆಗೆದೆ. ರಾಯಚೂರಿನ ಸ್ಟುಡಿಯೋದಲ್ಲಿ ರೀಲು ತೊಳೆಸಿ, ಬಂದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಬೆಳಕು ಬೀಳುವ ತೂತು ಸಣ್ಣದಾದರೆ ತಂಬಿಗೆಯಿಂದ ಸೈಕಲ್ಲಿನವರೆಗೆ ಎಲ್ಲ ಸ್ಪಷ್ಟ. ದೊಡ್ಡದು ಮಾಡಿ ಹತ್ತಿರ ಹೋದರೆ ತಂಬಿಗೆಯೊಂದೇ ಸ್ಪಷ್ಟ, ಉಳಿದದ್ದೆಲ್ಲ ಮಬ್ಬು. ಭಾವನಿಗೆ ಬಾರದ ಒಂದು ವಿದ್ಯೆ ಕೈಗೆ ಹತ್ತಿತೆಂದು ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ಆ ವರ್ಷ ಅಪ್ಪನ ಮೊಣಕಾಲು ಸೋತು, ಹಿಂಡನ್ನು ಬೇರೆಯವರಿಗೆ ಕೊಡುವುದೆಂದಾಯಿತು. ಕೊಡುವ ಮುಂಚಿನ ದಿನ ನನಗೆ ಹೇಳಿಕಳಿಸಿದ. ಕ್ಯಾಮೆರಾ ಹಿಡಿದು ಹೋದೆ.

"ತಮ್ಮಾ, ನನ್ನ ಮಕ ಹೆಂಗರ ಬರ್ಲಿ. ಕುರಿ ಮಕ ಒಂದೊಂದೂ ಕಾಣಬೇಕು. ನಾಳಿಂದ ನೋಡ್ತೀನಿ ಅಂದ್ರ ಸಿಗಂಗಿಲ್ಲ."

ಎಲ್ಲ ಸ್ಪಷ್ಟ ಬರುವಂತೆ ತೂತು ಸಣ್ಣದು ಮಾಡಿಕೊಂಡೇ ನಿಂತೆ. ಅಪ್ಪ ಕಂಬಳಿ ಹೊದ್ದು ಮುಂದೆ ನಿಂತ. ಹಿಂದೆ ಕುರಿಗಳು ಚದುರತೊಡಗಿದವು. ಸಿಳ್ಳೆ ಹಾಕಿದೆ, ಒಂದೂ ಕ್ಯಾರೇ ಅನ್ನಲಿಲ್ಲ. "ಅಳಿಯಾ, ನೀ ಬಾರಪ್ಪಾ," ಎಂದ ಅಪ್ಪ. ಪಕ್ಕದಲ್ಲಿ ಬನಿಯನ್ನಿನಲ್ಲಿ ನಿಂತಿದ್ದ ಭಾವ ಹಿಂಡಿನ ನಡುವೆ ಹೋಗಿ ಮರಿಯೊಂದನ್ನು ಎತ್ತಿಕೊಂಡು ಮೆಲ್ಲಗೆ ಸಿಳ್ಳೆ ಹಾಕಿದ. ಕುರಿಗಳು ತಲೆಯೆತ್ತಿ ನಿಂತವು. ಅಪ್ಪ ತಿರುಗಿ ಅವನನ್ನು ನೋಡಿ ನಕ್ಕ.

ನನ್ನ ಫೋಟೋದಲ್ಲೂ ಇವನೇ? ತೂತು ದೊಡ್ಡದು ಮಾಡಿದೆ. ಬೆಳಕು ಹೆಚ್ಚಾಗದಂತೆ ಶಟರಿನ ವೇಗ ಏರಿಸಿದೆ. ಎರಡು ಹೆಜ್ಜೆ ಮುಂದೆ ಹೋಗಿ, ಅಪ್ಪನ ಮುಖಕ್ಕಷ್ಟೇ ದೂರ ಹೊಂದಿಸಿ ಒತ್ತಿದೆ. ರೀಲಿನಲ್ಲಿ ಉಳಿದಿದ್ದುದು ಅದೊಂದೇ.

ಫೋಟೋ ಬಂತು. ಅಪ್ಪನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಭಾವ ಗುರುತು ಸಿಗದ ಬಿಳಿ ಮಬ್ಬಾಗಿದ್ದ. ಅವನ ಸುತ್ತ ಕುರಿಗಳು ಕರಿ ಮಬ್ಬಾಗಿದ್ದವು. ಅಪ್ಪ ಬಹಳ ಹೊತ್ತು ನೋಡಿದ. ನಾನು ಬಾಯಿ ಬಿಡುವ ಮೊದಲೇ ಭಾವ, "ಕುರಿ ಅಳ್ಳಾಡಿದ್ವು ಮಾವಾ, ಮಾಸ್ತರ ಏನ್ ಮಾಡ್ತಾರ," ಎಂದ. ಅವನ ಆ ಒಳ್ಳೆಯತನಕ್ಕೆ ನನಗೆ ಇನ್ನಷ್ಟು ಉರಿಯಿತು.

ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ನಾನು ಊರಿಗೆ ಹೋದಾಗಲೆಲ್ಲ ಅವನು ಅದರ ಮುಂದೆ ನಿಂತು, ಟವಲಿನ ತುದಿಯಿಂದ ಗಾಜನ್ನು ಒರೆಸುತ್ತಿದ್ದ. ತನ್ನ ಮುಖದ ಮೇಲಲ್ಲ, ಕುರಿಗಳಿದ್ದ ಕಡೆ.

"ಧೂಳು ಕುಂತದ," ಅನ್ನುತ್ತಿದ್ದ.

ಅದು ಧೂಳಲ್ಲವೆಂದು ನಾನು ಕೊನೆಗೂ ಹೇಳಲಿಲ್ಲ.