ಕಾಜಾ ಅಕ್ಕನಿಗೆ ಬಾಕಿ ಇರುವ ಮಧ್ಯಾಹ್ನ

ಕಾಜಾ ಅಕ್ಕನಿಗೆ ನಾವು ಒಂದು ಮಧ್ಯಾಹ್ನ ಬಾಕಿ ಉಳಿಸಿಕೊಂಡಿದ್ದೇವೆ. ಕಳೆದ ತಿಂಗಳದ್ದು. ಕೂಲಿಯ ಬಾಕಿಯಾಗಿದ್ದರೆ ಕಾರ್ಖಾನೆಯ ಗೇಟಿನ ಮುಂದೆ ಕೂತು, ಗಂಟಲು ಹರಿದುಕೊಂಡು, ವಸೂಲಿ ಮಾಡಿಯೇ ಏಳುತ್ತಿದ್ದೆವು. ಆ ವಿದ್ಯೆ ನಮಗೆ ಗೊತ್ತು. ಮಧ್ಯಾಹ್ನವನ್ನು ವಸೂಲಿ ಮಾಡುವುದು ಹೇಗೆಂದು ಯಾವ ಸಂಘವೂ ಕಲಿಸಲಿಲ್ಲ. ಅದು ಅವಳಿಗೆ ಸಿಗದಿದ್ದರೆ ಹೋಗುವುದು ಅವಳ ಎಡಗಣ್ಣು. ಬಲಗಣ್ಣು ಆಗಲೇ ಹೋಗಿದೆ.

ಕಾಜಾ ಎಂದರೆ ಅಂಗಿಯ ಗುಂಡಿ ತೂರುವ ಕಂಡಿ. ಅದನ್ನು ಕೈಯಲ್ಲಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಬಟ್ಟೆ ಕಾರ್ಖಾನೆಯಲ್ಲಿ ಇರಲಿಲ್ಲ, ಹಾಗಾಗಿ ಆ ಹೆಸರು. ಮುಷ್ಕರದಲ್ಲಿ ಮೊದಲ ಸಾಲಿನವಳು. ಎತ್ತಿ ಹಾಕಲು ಪೊಲೀಸರು ಬಂದರೆ, "ನಿಂತೂ ನಿಂತೂ ಕಾಲು ಸೋತಿದೆ, ವ್ಯಾನಲ್ಲಿ ಸೀಟ್ ಇದೆಯೇನಪ್ಪ?" ಎಂದು ತಾನೇ ಹತ್ತಿ ಕೂತವಳು.

ಅಂಥವಳನ್ನು ಕಟ್ಟಿಹಾಕಿದ್ದು ಮನೆ. ಗಂಡ ಹತ್ತಿ ಹಿಂಜುವ ಕೆಲಸದಲ್ಲಿ ಎದೆ ತುಂಬ ಧೂಳು ತುಂಬಿಕೊಂಡು ಹಾಸಿಗೆ ಹಿಡಿದ. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯಬೇಕು. ಅವನ ತಾಯಿಗೆ ಕಾಲು ಗಟ್ಟಿ, ನೆನಪು ಮಾತ್ರ ಕೈಕೊಟ್ಟಿದೆ. ಬಾಗಿಲು ತೆರೆದಿದ್ದರೆ ಸಾಕು, ಎಂದೋ ಮುಚ್ಚಿಹೋದ ಮಿಲ್ಲಿನ ಪಾಳಿಗೆ ಹೊತ್ತಾಯಿತೆಂದು ಬಸ್ಸುಗಳ ನಡುವೆ ಹೊರಟೇಬಿಡುತ್ತಾಳೆ. ಓಡುವವಳನ್ನು ಹಿಡಿಯಲು ಮಲಗಿದವನಿಗೆ ಉಸಿರಿಲ್ಲ; ಇಬ್ಬರನ್ನೂ ಬಿಟ್ಟು ಹೋಗಲು ಅಕ್ಕನಿಗೆ ದಾರಿಯಿಲ್ಲ. ಕಾರ್ಖಾನೆ ಬಿಟ್ಟಳು. ಅಂಗಿಗಳ ಗಂಟನ್ನು ಮನೆಗೇ ತರಿಸಿಕೊಂಡು ಕಾಜಾ ಹೊಲಿಯತೊಡಗಿದಳು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಹಿಂದಿನದರಲ್ಲಿ ಗಂಡನ ಮಂಚ, ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಮುಂದಿನದರಲ್ಲಿ ಕಿಟಕಿಗೆ ತಾಗಿ ಅವಳ ಮಣೆ, ಅಲ್ಲೇ ಅತ್ತೆಯ ಚಾಪೆ. ಬಾಗಿಲ ಚಿಲಕಕ್ಕೆ ಅತ್ತೆಯ ಕೈಗೆ ಎಟುಕದಷ್ಟು ಮೇಲೆ ಬಟ್ಟೆಯ ಗಂಟು. ಅಕ್ಕನ ಪ್ರಾರ್ಥನೆ ಪಾತ್ರೆ ತಿಕ್ಕುವಾಗ ನಡೆಯುತ್ತಿತ್ತು, ಪಕ್ಕದ ಮನೆಗೂ ಕೇಳುವಂತೆ. "ಕರ್ತನೇ, ಇವತ್ತು ಇವರಿಗೆ ಕೆಮ್ಮು ಕಮ್ಮಿ ಮಾಡು. ಅತ್ತೆಗೆ ನಿದ್ದೆ ಕೊಡು. ನಂಗೆ ತಾಳ್ಮೆ ಕೊಡು. ಸಿಟ್ಟು ಬೇಡ, ಅದು ನನ್ಹತ್ರ ಬೇಕಾದಷ್ಟಿದೆ."

ಅವಳು ಚರ್ಚಿನ ಸಭೆಗೆ ಹೋಗಲಾರಳೆಂದು ಸಭೆಯೇ ಅವಳ ಮನೆಗೆ ಬಂತು. ಪ್ರತಿ ಶುಕ್ರವಾರ ಸಂಜೆ ಪಾದ್ರಿ ಅಯ್ಯನವರು, ಅವರ ಹೆಂಡತಿ ಅಮ್ಮನವರು, ಬೇಕರಿ ಅಣ್ಣ, ಟೀಚರಮ್ಮ, ಇನ್ನೊಂದಷ್ಟು ಜನ. ಒಳ್ಳೆಯವರೇ. ಅಕ್ಕನಿಗೆ ಧೈರ್ಯ ತುಂಬಲು ಬಂದವರು. ಅವರು ಬರುವ ಮೊದಲು ಅವಳು ಅಂಗಿಗಳ ಗಂಟು ಎತ್ತಿಟ್ಟು, ನೆಲ ಒರೆಸಿ, ಅತ್ತೆಗೆ ಸೀರೆ ಬದಲಾಯಿಸಿ, ಎಲ್ಲರಿಗೂ ಟೀ ಇಡಬೇಕಿತ್ತು. ಹೋದ ಮೇಲೆ ಲೋಟ ತೊಳೆಯಬೇಕಿತ್ತು. ಧೈರ್ಯ ತುಂಬಿಸಿಕೊಳ್ಳುವುದೂ ಒಂದು ಚಾಕರಿಯೇ.

ಬೇಕರಿ ಅಣ್ಣನ ಪ್ರಾರ್ಥನೆ ಹಿಟ್ಟು ನಾದಿದಂತೆ, ಎಳೆದಷ್ಟೂ ಬರುತ್ತದೆ. ಒಮ್ಮೆ ಅವನು ದೇಶದ ನಾಯಕರನ್ನು ಮುಗಿಸಿ, ಸಮುದ್ರದಾಚೆಯವರನ್ನು ಶುರು ಮಾಡುವಷ್ಟರಲ್ಲಿ ಅತ್ತೆ ಜೋರಾಗಿ, "ಆಮೆನ್! ಸಾಕು ಕಣೋ, ಅವರವರ ಮನೇಲಿ ಅವರವರು ಇದಾರೆ. ಊಟಕ್ಕೆ ಹಾಕ್ರೇ!" ಎಂದಳು. ಒಳಗಿನ ಮಂಚದಿಂದ ಮಗ ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ. ಬಹುಶಃ ಆ ಮನೆಯಲ್ಲಿ ಆ ವರ್ಷ ಎಲ್ಲರೂ ಕೂಡಿ ನಕ್ಕಿದ್ದು ಅದೊಂದೇ ಸಲ.

ಆ ಸಭೆಗೆ ಒಂದು ಪದ್ಧತಿ. ಯಾರೂ ಯಾರ ಹತ್ತಿರವೂ ನೇರವಾಗಿ ಸಹಾಯ ಕೇಳುವುದಿಲ್ಲ. ಮನುಷ್ಯನ ಮುಂದೆ ಕೈಚಾಚಿದರೆ ದೇವರ ಮೇಲೆ ನಂಬಿಕೆ ಕಮ್ಮಿ ಅಂತ. ಏನಿದ್ದರೂ ಪ್ರಾರ್ಥನೆಯ ವಿಷಯವಾಗಿ ಹೇಳಬೇಕು. ಅಕ್ಕನೂ ಹಾಗೇ ಹೇಳಿದಳು. ದೀಪದ ಸುತ್ತ ಬಣ್ಣದ ಬಳೆಗಳು ಕಾಣತೊಡಗಿ, ಬಾಗಿಲ ಚೌಕಟ್ಟಿಗೆ ಬಲಭುಜ ಬಡಿಯತೊಡಗಿದ ಮೇಲೆ.

"ಕಣ್ಣಾಸ್ಪತ್ರೆಗೆ ಹೋಗ್ಬೇಕು. ಅರ್ಧ ದಿನ ಕೂರಿಸ್ತಾರಂತೆ. ಇವರಿಬ್ಬರ ಹತ್ರ ಕೂರೋಕೆ ದೇವರು ಯಾರನ್ನಾದ್ರೂ ಕಳಿಸ್ಲಿ ಅಂತ ಪ್ರಾರ್ಥನೆ ಮಾಡಿ."

ಮಾಡಿದರು. ಮೊಣಕಾಲೂರಿ, ಕಣ್ಣೀರು ಸುರಿಸಿ ಮಾಡಿದರು. "ಕರ್ತನೇ, ಈ ತಂಗಿಗೆ ಒಬ್ಬರನ್ನು ಕಳಿಸಪ್ಪ!" ಎಂದು ಕೋಣೆ ತುಂಬ ಕೂತಿದ್ದವರು ಒಟ್ಟಿಗೆ ಬೇಡಿಕೊಂಡರು. ಆಮೇಲೆ ಟೀ ಕುಡಿದು, ಚಪ್ಪಲಿ ಹುಡುಕಿಕೊಂಡು, ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋದರು.

ಮುಂದಿನ ಶುಕ್ರವಾರ ಟೀಚರಮ್ಮ ಕೇಳಿದರು, "ಯಾರಾದ್ರೂ ಬಂದ್ರಾ ಅಕ್ಕ?"

"ಇಲ್ಲಮ್ಮ."

"ದೇವರ ಸಮಯ ಅಂತ ಒಂದಿರತ್ತೆ. ಬಿಡದೆ ಕೇಳೋಣ."

ಬಿಡದೆ ಕೇಳಿದರು. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಕಥೆಯನ್ನು ಅಯ್ಯನವರು ಅದೇ ಕೋಣೆಯಲ್ಲಿ ಕೂತು ಬಲು ಚೆನ್ನಾಗಿ ವಿವರಿಸಿದರು.

ಕೊನೆಗೆ ಗಂಡನೇ ಹೇಳಿದ, "ಲೇ, ನಾನೇನು ಸತ್ತಿದೀನಾ? ಅಮ್ಮನ್ನ ನೋಡ್ಕೋತೀನಿ. ಹೋಗ್ಬಾ."

"ನಿಮ್ಮನ್ನ ಯಾರ್ರೀ ನೋಡ್ಕೋತಾರೆ?"

"ಅವಳು ನನ್ನ ನೋಡ್ಕೋತಾಳೆ, ಹೆತ್ತಿಲ್ವಾ? ಹೋಗು."

ಹೋದಳು. ಆಸ್ಪತ್ರೆಯ ಬೆಂಚಿನಲ್ಲಿ ಅವಳ ಸರದಿ ಇನ್ನೂ ಬಂದಿರಲಿಲ್ಲ. ಸೈಕಲ್ ಅಂಗಡಿಯವನು ಫೋನ್ ಮಾಡಿದ. ಅತ್ತೆ ಸ್ಟೂಲು ಹತ್ತಿ ಚಿಲಕದ ಗಂಟು ಬಿಚ್ಚಿದ್ದಳು. ಹಿಂದೆ ಓಡಿದ ಮಗ ಮೆಟ್ಟಿಲ ಮೇಲೆ ಕುಸಿದು, ತುಟಿ ನೀಲಿಗಟ್ಟಿ ಬಿದ್ದಿದ್ದ. ಮುದುಕಿಯನ್ನು ಬಸ್ ನಿಲ್ದಾಣದಿಂದ ಹಿಡಿದು ತಂದರು. ಅಕ್ಕ ಕಣ್ಣು ತೋರಿಸದೆ ವಾಪಸ್ ಬಂದಳು. "ಇನ್ನು ಆ ಮಾತು ಎತ್ತಬೇಡಿ" ಎಂದು ಗಂಡನಿಗೆ ಹೇಳಿದಳು. ಶುಕ್ರವಾರಗಳಲ್ಲೂ ಎತ್ತಲಿಲ್ಲ. ಸಭೆಯವರು ಅದನ್ನು ಸಮಾಧಾನ ಎಂದುಕೊಂಡರು.

ಕಾರ್ಮಿಕ ಸಂಘದ ನಾವೂ ಸುಭಗರಲ್ಲ. ಅವಳ ಕಷ್ಟ ಕೇಳಿ ಸಹಾನುಭೂತಿಯ ನಿರ್ಣಯ ಪಾಸು ಮಾಡಿ, ಚಪ್ಪಾಳೆ ತಟ್ಟಿ, ಮನೆಗೆ ಹೋದೆವು. ಅವರದು ಆಮೆನ್, ನಮ್ಮದು ಜಿಂದಾಬಾದ್. ಎರಡರಲ್ಲಿ ಯಾವುದೂ ಮುದುಕಿಯನ್ನು ಹಿಡಿದು ಕೂರಿಸಲಿಲ್ಲ.

ಕಾಜಾಗಳು ಸೊಟ್ಟಗಾದವು. ಕಾರ್ಖಾನೆಯಿಂದ ಅಂಗಿಗಳು ಗಂಟಿಗೆ ಗಂಟೇ ವಾಪಸ್ ಬಂದವು. ಹಗಲು ಅವನ್ನೇ ಬಿಚ್ಚಿ ಹೊಲಿಯುತ್ತಿದ್ದಾಗ ಒಂದು ಮಂಗಳವಾರ ಅಮ್ಮನವರು ಬಂದರು. ಧೈರ್ಯ ಹೇಳಲು ಅಲ್ಲ. ಶುಕ್ರವಾರ ಮರೆತುಹೋದ ಕೊಡೆ ಒಯ್ಯಲು. ಶುಕ್ರವಾರ ಅಲ್ಲದ ದಿನ ಆ ಮನೆ ಹೇಗಿರುತ್ತದೆಂದು ಅವರು ಅದುವರೆಗೆ ಕಂಡಿರಲಿಲ್ಲ. ಉಚ್ಚೆಯ ವಾಸನೆ, ನೆಲ ತುಂಬ ಅಂಗಿಗಳು. ಅಕ್ಕನ ಸೆರಗು ಅತ್ತೆಯ ಸೊಂಟಕ್ಕೆ ಗಂಟು ಹಾಕಿದೆ, ಎದ್ದರೆ ಗೊತ್ತಾಗಲೆಂದು. ಸೂಜಿಯ ಕಣ್ಣನ್ನು ಅಕ್ಕ ನಾಲಿಗೆಯ ತುದಿಯಲ್ಲಿ ತಡವಿ ಹುಡುಕುತ್ತಿದ್ದಾಳೆ.

"ಏನಿದು ಅಕ್ಕ? ಇಷ್ಟಾದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲಮ್ಮ. ಶುಕ್ರವಾರ ಶುಕ್ರವಾರ ಹೇಳ್ದೆ. ನೀವೆಲ್ಲ ಆಮೆನ್ ಅಂದ್ರಿ."

ಅಮ್ಮನವರು ಕೊಡೆಯನ್ನು ಮೂಲೆಯಲ್ಲಿಟ್ಟರು. ಬಗ್ಗಿ, ಅತ್ತೆಯ ಸೊಂಟದ ಗಂಟು ಬಿಚ್ಚಿದರು. ಅಲ್ಲಿಗೆ ತಮ್ಮ ಸೆರಗಿನ ತುದಿ ಕಟ್ಟಿದರು. "ನಡಿ. ಈಗ್ಲೇ ಹೋಗು" ಎಂದರು.

ಬಲಗಣ್ಣಿನ ನರ ಸತ್ತಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಎಡಗಣ್ಣಿಗೆ ದಿನಾ ಹನಿ ಹಾಕಿ, ತಿಂಗಳಿಗೊಮ್ಮೆ ಬಂದು ಕಣ್ಣಿನ ಒತ್ತಡ ನೋಡಿಸಿಕೊಂಡರೆ ಅದು ಉಳಿಯುತ್ತದೆ. ತಪ್ಪಿಸಿದರೆ ಅದೂ ಇಲ್ಲ.

ಮುಂದಿನ ಶುಕ್ರವಾರ ಬೇಕರಿ ಅಣ್ಣ ಕಣ್ಣು ಮುಚ್ಚಿ ಶುರು ಮಾಡಿದ. ಅಯ್ಯನವರು ಅವನ ಭುಜದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ತಮ್ಮಾ, ಕಣ್ಣು ತೆಗಿ. ದೇವರು ಯಾರನ್ನಾದ್ರೂ ಕಳಿಸ್ಲಿ ಅಂತ ಕೇಳಿದ್ವಲ್ಲ, ಆತ ಕಳಿಸಿದ್ದ. ನಾವೇ ಬಂದು ಇಲ್ಲಿ ಕೂತಿದ್ವಿ. ಟೀ ಕುಡಿದು ಎದ್ದು ಹೋದ್ವಿ."

ಟೀಚರಮ್ಮ ಅತ್ತರು. ಅಕ್ಕನೇ ಸಮಾಧಾನ ಹೇಳಬೇಕಾಯಿತು, ಅದೂ ಅವಳ ಪಾಲಿಗೇ ಬಂತು. "ನಂದೂ ತಪ್ಪು. ಬೆರಳು ಮಾಡಿ, ನೀನು ಬುಧವಾರ ಬಾ, ನೀನು ಗುರುವಾರ ಬಾ ಅನ್ಬೇಕಿತ್ತು. ಪೊಲೀಸರಿಗೆ ಹೆದರದೋಳು ನಿಮಗೆ ಸಂಕೋಚ ಆಗತ್ತೆ ಅಂತ ಹೆದರಿದೆ."

ಆ ಮೇಲೆ ಸರದಿ ಹಾಕಿಕೊಂಡರು. ಸಂಘದಿಂದಲೂ ಸೇರಿದೆವು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಟೀಚರಮ್ಮನಿಗೆ ಅತ್ತೆ ಹಾಜರಿ ಹೇಳುತ್ತಿದ್ದಳು. ಬೇಕರಿ ಅಣ್ಣನಿಗೆ, "ಪಾಳಿಗೆ ತಡವಾಗಿ ಬಂದಿದೀಯ, ಅರ್ಧ ಕೂಲಿ ಕಟ್" ಎಂದು ಗದರುತ್ತಿದ್ದಳು. ನಂತರ ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ಮೊಣಕಾಲು, ನಮಗೆ ಸಮ್ಮೇಳನ. ಈಗ ಉಳಿದಿರುವವರು ಅಮ್ಮನವರೊಬ್ಬರೇ, ಅವರೂ ಕಳೆದ ತಿಂಗಳು ಜ್ವರದಲ್ಲಿ ಮಲಗಿದ್ದರು. ತಪಾಸಣೆಯ ದಿನ ಮಧ್ಯಾಹ್ನವಿಡೀ ಅಕ್ಕ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲ ಹತ್ತಿರ ಕೂತಿದ್ದಳಂತೆ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಏಳುತ್ತಿದ್ದಳಂತೆ. ಇದನ್ನು ಅವಳು ಹೇಳಲಿಲ್ಲ, ಸೈಕಲ್ ಅಂಗಡಿಯವನು ಹೇಳಿದ್ದು.

ಅವಳು ಪ್ರಾರ್ಥನೆ ಬಿಟ್ಟಿಲ್ಲ. ಬಿಡಿ ಎಂದು ನಾನೂ ಯಾರಿಗೂ ಹೇಳುವುದಿಲ್ಲ. ಕೆಮ್ಮು ನಿಲ್ಲದ ದಿನಗಳಲ್ಲಿ ಆ ಮನೆಯನ್ನು ಎತ್ತಿ ಹಿಡಿದಿರುವುದು ಅದೇ ಎಂಬುದನ್ನು ನೋಡಿದ್ದೇನೆ. ಈಗ ಪಾತ್ರೆ ತಿಕ್ಕುವಾಗ ಒಂದು ಸಾಲು ಹೆಚ್ಚಾಗಿದೆ. "ಕರ್ತನೇ, ಬರ್ತೀನಿ ಅಂದೋರಿಗೆ ದಾರಿ ಮರೆಸ್ಬೇಡ."

ಇದನ್ನು ಓದುತ್ತಿರುವ ನಿಮಗೂ ಅಂಥದ್ದೊಂದು ಮನೆ ಗೊತ್ತಿದೆ. ಈಗಲೇ ನೆನಪಾಗಿರುತ್ತದೆ. "ಪ್ರಾರ್ಥನೆ ಮಾಡ್ತೀವಿ" ಎಂದು ಅವರಿಗೆ ಹೇಳಿ ಬಂದಿದ್ದೀರಿ. ಮಾಡಿ, ದಾರಿಯಲ್ಲಿ ನಡೆಯುತ್ತ ಮಾಡಿ. ಮೆಟ್ಟಿಲು ಹತ್ತಿ. ಟೀ ಬೇಡ ಎನ್ನಿ. "ನೀನು ಹೋಗಿ ಬಾ, ನಾನು ಕೂರ್ತೀನಿ" ಎನ್ನಿ. ಅವಳು ವಾಪಸ್ ಬರುವ ತನಕ ಏಳಬೇಡಿ. ಯಾವತ್ತು ಹೋಗುತ್ತೀರಿ? ದಿನ ಹೇಳಿ.