ನಡುಮನಿ ಪೆಟ್ಟಿಗಿಯ ಬಿಸಿ

ಆಗ ನನಗ ಅರವತ್ತೊಂಬತ್ತು. ನಾಕು ವರ್ಷದ ಹಿಂದಿನ ಮಾತು. ನನ್ನ ಮಗಳು ಬಳ್ಳಾರಿಯೊಳಗ ಜೀನ್ಸ್ ಹೊಲಿಯೋ ಕೆಲಸಕ್ಕ ಹೋಗ್ತಾಳ, ಮುಂಜಾನಿ ಹೋದ್ರ ಮನಿ ಸೇರೋದು ಕತ್ತಲಾದ ಮ್ಯಾಲೇ. ಅದಕ್ಕ ಆಕಿ ಮಗಳ ಚೊಚ್ಚಲ ಹೆರಿಗಿ, ಬಾಣಂತನ ಎರಡೂ ನಾನೇ ಮಾಡ್ತೀನಂತ ಮೊಮ್ಮಗಳನ್ನ ಸಿರುಗುಪ್ಪಕ್ಕ ಕರಕೊಂಡು ಬಂದಿದ್ದೆ. ಎಂಟು ತಿಂಗಳು ತುಂಬಿತ್ತು. ಬಾಣಂತಿಗಂತ ನಡುಮನಿ ಖಾಲಿ ಮಾಡಿ ಸುಣ್ಣ ಹೊಡಿಸಿದ್ದೆ. ಖಾಲಿ ಮಾಡಿದ್ದು ಕಂಡಿದ್ದೇ ತಡ, ನನ್ನ ತಮ್ಮ ತನ್ನ ಪೆಟ್ಟಿಗಿ ತಂದು ಅಲ್ಲಿಟ್ಟ.

ತಮ್ಮ ರೈಸ್ ಮಿಲ್ಲಿನಾಗ ಮೋಟಾರು ನೋಡಿಕೊಳ್ಳೋ ಫಿಟ್ಟರಾಗಿದ್ದವ. ಹೆಂಡ್ತಿ ತೀರಿಕೊಂಡ ಮ್ಯಾಲೆ ನನ್ನ ಜೋಡಿ ಇರ್ತಾನ. ಅವನಿಗೆ ಗೆಳೆಯ ಅಂದ್ರ ಒಬ್ಬರೇ, ಕುರುಗೋಡಿನ ಮೇಷ್ಟ್ರು. ಹೈಸ್ಕೂಲಿನಾಗ ಸೈನ್ಸ್ ಹೇಳಿ ರಿಟೈರಾದವರು. ಭಾನುವಾರ ಬಂತಂದ್ರ ಬಸ್ ಹತ್ತಿ ನಮ್ಮ ಮನಿಗೆ ಬರ್ತಿದ್ರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದು, ಎರಡು ಸಲ ಚಾ ಕುಡಿದು, ಕಟ್ಟಿ ಮ್ಯಾಲೆ ಕುಂತು ಅಣುವಿನ ಮಾತು ತಗೀತಿದ್ರು. ಬ್ಯಾರೆ ಗಂಡಸರು ರಾಜಕೀಯ ಮಾತಾಡಿದಂಗ ಇವರದು ಅಣು.

ಕೇಳಿ ಕೇಳಿ ನನಗೂ ಅಷ್ಟಿಷ್ಟು ಬಾಯಿಪಾಠ ಆಗಿತ್ತು. ಅಣುವನ್ನ ಒಡದು ಕರೆಂಟ್ ಮಾಡೋದು ಸರ್ಕಾರದ ಕೆಲಸ. ಸೂರ್ಯನೊಳಗ ಅವು ಒಡಿಯೋದಿಲ್ಲ, ಒಂದಕ್ಕೊಂದು ಕೂಡತಾವ. ಕೂಡಬೇಕಂದ್ರ ನಮ್ಮ ಲೆಕ್ಕಕ್ಕ ಸಿಗಲಾರದಷ್ಟು ಕಾವು ಬೇಕು. ಆದ್ರ ಎಷ್ಟೋ ವರ್ಷದ ಹಿಂದ ಹೊರದೇಶದಾಗ ಯಾರೋ, ಗಾಜಿನ ಜಾಡಿಯೊಳಗ ಲೋಹದ ತುಂಡಿಟ್ಟು ಕರೆಂಟ್ ಬಿಟ್ರ ತಣ್ಣಗ ಕುಂತಲ್ಲೇ ಕೂಡತಾವ, ಕೂಡಿ ಬಿಸಿ ಕೊಡತಾವ ಅಂತ ಹೇಳಿದ್ರಂತ. ಲೋಕ ಮೊದಲು ಕುಣೀತಂತ, ಆಮ್ಯಾಲೆ ನಕ್ಕಿತಂತ. ನಕ್ಕ ಮ್ಯಾಲೂ ಕೈಬಿಡದ ಮಂದಿ ಅಲ್ಲೊಬ್ಬರು ಇಲ್ಲೊಬ್ಬರು ಅದಾರಂತ. ಆ ಮಂದಿಯೊಳಗ ಇಬ್ಬರು ನಮ್ಮ ಕಟ್ಟಿ ಮ್ಯಾಲೆ ಕುಂದರ್ತಿದ್ರು.

ತಮ್ಮಗ ಅದರ ಮ್ಯಾಲೆ ಬಹಳ ಆಸೆ. ಚಮಚಾದಷ್ಟು ನಿಕ್ಕಲ್ ಪುಡಿ ಇದ್ರ ಮಿಲ್ಲೊಂದು ವರ್ಷಪೂರ್ತಿ ಓಡ್ತೈತಿ, ಹೊಗಿ ಇಲ್ಲ, ಬೂದಿ ಇಲ್ಲ ಅಂತಿದ್ದ. ಮೇಷ್ಟ್ರದು ಅಷ್ಟು ಸಲೀಸು ಬಾಯಿ ಅಲ್ಲ. ಒಬ್ಬರ ಕೈಯಾಗ ಆಗಿದ್ದು ಇನ್ನೊಬ್ಬರ ಕೈಯಾಗ ಆಗೋದಿಲ್ಲ, ಇವತ್ತು ಆಗಿದ್ದು ನಾಳೆ ಆಗೋದಿಲ್ಲ, ಅಂಥಾ ಒಲಿ ನಂಬಿ ಯಾರು ಅನ್ನಕ್ಕ ಇಡ್ತಾರ ಅಂತ ಕೇಳ್ತಿದ್ರು. ಹಂಗಂತ ಬಿಡ್ತಿದ್ದಿಲ್ಲ. ಹೊಸದೇನು ಬಂದೈತಿ ಅಂತ ಫೋನಿನಾಗ ಹುಡುಕಿ ತರೋರು ಅವರೇ.

ಆ ವರ್ಷ ಮಾತು ಸಾಕಾಗಿ ತಮ್ಮ ಮಾಡಾಕ ಕುಂತ. ಉಪ್ಪಿನಕಾಯಿ ಹಾಕೋ ಗಾಜಿನ ಜಾಡಿ, ಅದರೊಳಗ ಕ್ಷಾರ ಕೂಡಿಸಿದ ನೀರು, ನಿಕ್ಕಲ್ ತಂತಿ ಸುರುಳಿ, ಬ್ಯಾಟರಿ ಚಾರ್ಜರಿನಿಂದ ಎರಡು ವೈರು, ಒಂದು ಥರ್ಮಾಮೀಟರ್. ಒಳಗಿನ ಗಾಳಿ ಹೋಗಾಕ ಕಿಟಕಿ ಹೊರಗ ಒಂದು ಸಣ್ಣ ಪೈಪು. ಬಿಸಿ ಸೋರಬಾರದಂತ ಜಾಡಿಯನ್ನ ನಮ್ಮವ್ವನ ಕಾಲದ ಮರದ ಪೆಟ್ಟಿಗಿಯೊಳಗ ಇಟ್ಟು, ಸುತ್ತ ಮಿಲ್ಲಿನ ತೌಡು ತಂದು ಒತ್ತಿ ತುಂಬಿದ್ದ. ಜಾಡಿಯೊಳಗ ನೀರು ಕಡಿಮಿ ಆದಂಗ ದಿನಾ ಸಂಜಿ ಚೊಂಬಿನಿಂದ ಸುರೀತಿದ್ದ. ಒಳಗೆಷ್ಟು ಬೀಳ್ತಿತ್ತೋ ಹೊರಗೆಷ್ಟು ಚೆಲ್ತಿತ್ತೋ, ಅವನ ಕೈ ನಡಗೋ ಕೈ.

ಬಾಣಂತಿ ಮಲಗೋ ಜಾಗದಾಗ ಇದ್ಯಾಕಲೇ ಅಂದೆ. ಅಲ್ಲಿ ಗಾಳಿ ಆಡೋದಿಲ್ಲ, ಅಲ್ಲೇ ಆಗಬೇಕು, ಹೆರಿಗಿಗೆ ಮೊದಲು ತಗೀತೀನಿ ಅಂದ. ಇರ್ಲಿ ಅಂತ ಬಿಟ್ಟೆ. ಅವನಿಗೂ ಏನರ ಬೇಕಲ್ಲ.

ಮೊದಲು ಏನೂ ಆಗಲಿಲ್ಲ. ಆಮ್ಯಾಲೆ ಬಿಸಿ ಆತು. ಬಿಟ್ಟ ಕರೆಂಟಿಗೆ ಇಷ್ಟು ಬಿಸಿ ಬರಬಾರದು ಅಂತ ತಮ್ಮ ಲೆಕ್ಕ ಹಾಕಿ ಹಾಕಿ ನೋಡಿದ. ಊಟಕ್ಕ ಕರದ್ರ ಬರವಲ್ಲ. ಮಾರ್ಗಶಿರದ ಚಳಿ ಬಿದ್ದಿತ್ತು. ಬೆನ್ನುನೋವು ಅಂತಿದ್ದ ಮೊಮ್ಮಗಳು ಗೋಡಿ ಬಿಟ್ಟು ಪೆಟ್ಟಿಗಿಗೆ ಒರಗಾಕ ಹತ್ತಿದಳು.

"ತಾತ, ಉಪಯೋಗಕ್ಕ ಬಂದಿದ್ದು ಇದೊಂದೇ ನೋಡು ನೀ ಮಾಡಿದ್ರಾಗ" ಅಂತ ಅವನನ್ನ ಕಾಡಿಸ್ತಿದ್ದಳು.

"ಈ ಸಲ ಬಾಣಂತಿಗೆ ಕೆಂಡ ಹಾಕೋದು ಬ್ಯಾಡಕ್ಕ" ಅಂತ ಅಂವ ನನಗ ಹೇಳ್ತಿದ್ದ. ಹೆಂಡ್ತಿ ಹೋದ ಮ್ಯಾಲೆ ಅಂವ ಅಷ್ಟು ನಕ್ಕಿದ್ದು ನಾ ನೋಡಿದ್ದಿಲ್ಲ.

ಭಾನುವಾರ ಮೇಷ್ಟ್ರು ಬಂದ್ರು. ಮಿರ್ಚಿ ಮುಟ್ಟಲಿಲ್ಲ. ಸೀದಾ ಒಳಗ ಹೋಗಿ ವೈರು ನೋಡಿ, ಥರ್ಮಾಮೀಟರ್ ತಗದು ತಾವೇ ಕಂಕಳಾಗ ಇಟ್ಕೊಂಡು ಸರಿ ಐತೋ ಇಲ್ಲೋ ನೋಡಿದ್ರು. ಸರಿ ಇತ್ತು. ಕರೆಂಟ್ ತಗಿ, ಸಂಜಿತನಕ ನೋಡೋಣ ಅಂದ್ರು. ತಗದ್ರು. ಮಧ್ಯಾಹ್ನ ಕಳೀತು, ಬಿಸಿ ಇಳೀಲಿಲ್ಲ. ಕರೆಂಟ್ ನಿಂತ ಮ್ಯಾಲೂ ಬಿಸಿ ಉಳೀತೈತಿ ಅಂತ ಓದಿದ್ದು ಇದನ್ನೇ ಅಂತ ತಮ್ಮ ಎದ್ದು ಅಡ್ಡಾಡಾಕ ಹತ್ತಿದ. ಮೇಷ್ಟ್ರು ಮಾತ್ರ ಕುಂತಲ್ಲೇ ಕುಂತಿದ್ರು.

"ನಗೋ ಮಂದಿ ಕೇಳೋ ಮಾತು ನೆನಪೈತೇನಪಾ" ಅಂದ್ರು. "ಅಷ್ಟು ಅಣು ಖರೇನ ಕೂಡಿದ್ರ ಕಿರಣ ಬರಬೇಕು. ಕಿರಣ ಬಂದಿದ್ರ ಜಾಡಿ ಪಕ್ಕ ಕುಂತವ ಬದುಕಬಾರದು. ಅಂವ ಬದುಕ್ಯಾನಂದ್ರ ಅಲ್ಲೇನೂ ಆಗಿಲ್ಲ ಅಂತ."

ಈ ಮಾತು ಅವರು ಎಷ್ಟೋ ಸಲ ಆಡಿ ನಕ್ಕಿದ್ರು. ಅವತ್ತು ನಗಲಿಲ್ಲ. ನಾನು ಚಾ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಮೊಮ್ಮಗಳು ಒಳಗ ಪೆಟ್ಟಿಗಿಗೆ ಒರಗಿ ಅಕ್ಕಿ ಆರಿಸ್ತಿದ್ದಳು.

"ಮೇಷ್ಟ್ರೇ, ಈಕಿ ವಾರದಿಂದ ಅದಕ್ಕ ಬೆನ್ನು ಕೊಟ್ಟು ಕುಂತಾಳ್ರಿ" ಅಂದೆ.

ಕಿರಣ ಇಲ್ಲದೇ ಕೂಡತಾವ ಅನ್ನೋರೂ ಅದಾರ ಅಂತ ಮೇಷ್ಟ್ರು ಶುರು ಮಾಡಿದ್ರು.

"ಅನ್ನೋರು ಇರ್ಲಿ. ನೀವೇನಂತೀರಿ?"

"ನನಗ ಗೊತ್ತಿಲ್ಲ ಅಕ್ಕಾರ."

"ಗೊತ್ತಿಲ್ಲದ್ದನ್ನ ತಂದು ಬಸುರಿ ಬಾಜೂಕ ಇಟ್ರಿ."

ಮೊಮ್ಮಗಳಿಗೆ ಏನೂ ಹೇಳಲಿಲ್ಲ. ಪಕ್ಕದ ಮನಿಯಾಕಿ ಕರೀತಾಳ ಹೋಗು ಅಂತ ಎಬ್ಬಿಸಿ ಕಳಿಸಿದೆ. ಗಂಡಸರು ಇಬ್ಬರೂ ಜಾಡಿಗೆ ಗೋಣಿಚೀಲ ಸುತ್ತಿ, ಎತ್ತಿಕೊಂಡು ಹೋಗಿ ಹಿತ್ತಲ ಕೊನಿಗೆ ಬಟ್ಟಿ ಒಗಿಯೋ ಕಲ್ಲಿನ ಮ್ಯಾಲೆ ಇಟ್ರು. ಇಟ್ಟು ಬಂದು ಹಿಂಬಾಗಲ ಮೆಟ್ಟಲ ಮ್ಯಾಲೆ ಕುಂತ್ರು. ನಾನೂ ಅಲ್ಲೇ ಕುಂತೆ. ನಾಳೆ ಈಕಿನ್ನ ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗಬೇಕು, ಹೋಗಿ ಡಾಕ್ಟರಮ್ಮಗ ಏನಂತ ಹೇಳೋದು ಅಂತ ನನ್ನ ತಲಿ ಓಡ್ತಿತ್ತು. ಉಪ್ಪಿನಕಾಯಿ ಜಾಡಿಯೊಳಗ ಸೂರ್ಯ ಹುಟ್ಟಿದ್ದ ಅಂತ ಹೇಳಲೇನು? ಮಗಳಿಗೆ ಏನಂತ ಫೋನ್ ಮಾಡಲಿ?

ಹೊತ್ತು ಮುಳುಗಾಕ ಬಂತು. ತಮ್ಮ, "ಸುಳ್ಳಾಗಲಿ ಅಕ್ಕ. ಎಲ್ಲಾ ಸುಳ್ಳಾಗಲಿ" ಅಂದ.

ಎಷ್ಟೋ ವರ್ಷದಿಂದ ಅದು ಖರೇ ಆಗಲಂತ ಕಾಯ್ದವ ಅಂವ. ಮೇಷ್ಟ್ರು ಅವನ ಮಾರಿ ನೋಡಿದ್ರು. ಜೇಬಿನಿಂದ ಫೋನ್ ತಗದು ನೋಡಿ ಮತ್ತ ಒಳಗ ಇಟ್ಕೊಂಡ್ರು.

ಅಷ್ಟೊತ್ತಿಗೆ ನಡುಮನಿಯಿಂದ ಮೊಮ್ಮಗಳ ದನಿ ಕೇಳಿಸ್ತು. ಪಕ್ಕದ ಮನಿಯಾಕಿ ಖರೇನ ಕರದಿದ್ದಿಲ್ಲಲ್ಲ, ಅದಕ್ಕ ಈಕಿ ಹೋಗಿ ಮಾರಿ ತೋರಿಸಿ ಮುಂಬಾಗಲಿಂದ ವಾಪಸ್ ಬಂದು ತನ್ನ ಜಾಗದಾಗೇ ಕುಂತುಬಿಟ್ಟಿದ್ದಳು.

"ತಾತ, ಜಾಡಿ ತಗಂಡು ಹೋಗೀರಲ್ಲ, ಪೆಟ್ಟಿಗಿ ಇನ್ನೂ ಬೆಚ್ಚಗೈತಿ."

"ಏಳು ಮೊದಲು ಅಲ್ಲಿಂದ" ಅಂತ ನಾನು ಬೈಕೊಂತ ಓಡಿದೆ. ನನ್ನ ಹಿಂದ ಮೇಷ್ಟ್ರು ಬಂದ್ರು. ಜಾಡಿ ತಗದ ಗುಂಡಿಯೊಳಗ ಕೈ ಹಾಕಿದವರು ಸಟಕ್ಕನ ಹೊರಗ ತಗದ್ರು. ತೌಡು ಗಂಟುಗಂಟಾಗಿ, ಬಿಳೀ ಬೂಷ್ಟು ಹಿಡಿದು, ಹುಳಿ ವಾಸನಿ ಹೊಡೀತಿತ್ತು. ಸುಡ್ತಿತ್ತು. ತಮ್ಮ ಹಿತ್ತಲಿಗೆ ಓಡಿ ಜಾಡಿ ಮುಟ್ಟಿದ. ಅದು ಕೊಡದ ನೀರಿನಂಗ ತಣ್ಣಗಿತ್ತು. ಒಳಗ ಬಂದು ತೌಡು ಮುಟ್ಟಿದ. ಮತ್ತ ಹೋಗಿ ಜಾಡಿ ಮುಟ್ಟಿದ.

ಹಸಿ ಆದ ತೌಡು ತಾನೇ ಕಾಯ್ತೈತಿ ಅನ್ನೋದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಳಿಗೆ ತೊಯ್ದ ಭತ್ತದ ರಾಶಿಯೊಳಗ ಕೈ ಇಟ್ಟು ಸುಟ್ಕೊಂಡವರೇ ಎಲ್ಲಾರೂ. ತಮ್ಮ ಜೀವನಪೂರ್ತಿ ಮಿಲ್ಲಿನ ತೌಡಿನಾಗ ಓಡಾಡಿದವ, ನಾನು ಕಣದಾಗ ಕೂಲಿ ಮಾಡಿದಾಕಿ, ಮೇಷ್ಟ್ರಿಗೂ ಹೊಲ ಐತಿ. ಮೂವರಿಗೂ ಹೊಳೀಲಿಲ್ಲ. ಅಣು ಅಂದ ಕೂಡಲೇ ತೌಡು ಮರತುಬಿಟ್ಟಿದ್ವಿ.

ನಾನು ಅಲ್ಲೇ ನೆಲಕ್ಕ ಕುಂತೆ. ತಲಿ ಮ್ಯಾಲಿನ ಭತ್ತದ ಮೂಟಿ ಯಾರೋ ಇಳಿಸಿದಂಗ ಆತು. ತಮ್ಮ ನಗಾಕ ಶುರು ಮಾಡಿದ. ಕೆಮ್ಮು ಬರೋತನಕ ನಕ್ಕ. ಮೊಮ್ಮಗಳು ಏನಾತು, ಯಾಕ ನಗ್ತೀರಿ ಅಂತ ಕೇಳಿದ್ದೇ ಕೇಳಿದ್ದು.

"ಗೆದ್ದಿದ್ದು ನಿನ್ನ ತೌಡಪಾ" ಅಂದ್ರು ಮೇಷ್ಟ್ರು.

ಆಮ್ಯಾಲೆ ಮಿರ್ಚಿ ಕೇಳಿ ಇಸ್ಕೊಂಡು ತಿಂದ್ರು. ತಿನ್ನುವಾಗಲೇ ಮತ್ತ ಶುರು. ನಮ್ಮದು ತೌಡಿನ ಬಿಸಿ ಅಂದ್ರ ಉಳಿದವರದೆಲ್ಲ ಸುಳ್ಳು ಅಂತಲ್ಲ, ಖರೇ ಅಂತನೂ ಅಲ್ಲ ಅಂತ ಮೇಷ್ಟ್ರು. ಮುಂದಿನ ಸಲ ತೌಡು ಬ್ಯಾಡ, ಥರ್ಮಾಕೋಲ್ ಹಾಕೋಣ, ಪಕ್ಕದಾಗ ಬರೇ ನೀರಿನದೂ ಒಂದು ಜಾಡಿ ಇಡೋಣ ಅಂತ ತಮ್ಮ. ಎಲ್ಲಿ ಇಡ್ತೀರಿ ಅಂತ ನಾ ಕೇಳಿದೆ. ತಮ್ಮ ಮೇಷ್ಟ್ರ ಕಡೆ ನೋಡಿದ.

"ನಮ್ಮ ಮನಿಯಾಗ ಸಾಧ್ಯ ಇಲ್ಲಪಾ. ನನ್ನ ಹೆಂಡ್ತಿ ನಿಮ್ಮಕ್ಕನಷ್ಟು ಒಳ್ಳೇಕಿ ಅಲ್ಲ."

ಕಡೀಕ ಕುರುಗೋಡಿನ ಅವರ ಹೊಲದಾಗಿನ ಪಂಪ್‌ಸೆಟ್ ಮನಿ ಆಗಬಹುದು ಅಂತಾತು. ಈಗ ಭಾನುವಾರ ತಮ್ಮನೇ ಬಸ್ ಹತ್ತಿ ಅಲ್ಲಿಗೆ ಹೋಗ್ತಾನ. ಇಷ್ಟು ವರ್ಷ ಆತು, ಒಂದು ತಂಬಿಗಿ ನೀರು ಕಾಯಲಿಲ್ಲ. ಬರುವಾಗ ಮಾತ್ರ ಖುಷಿಲೇ ಬರ್ತಾನ. ಮೊಮ್ಮಗಳಿಗೆ ಹೆಣ್ಣುಕೂಸು ಆತು, ಸುಸೂತ್ರ ಆತು. ಆ ಕೂಸು ಈಗ ಅಂಗನವಾಡಿಗೆ ಹೋಗಂದ್ರ ಬಾಗಲಕ್ಕ ಜೋತುಬಿದ್ದು ಅಳ್ತೈತಿ. ಅಳೋದು ನೋಡಿದ್ರ ಯಾವ ಕಿರಣನೂ ತಾಕಿಲ್ಲ.

ಅವತ್ತು ಮೇಷ್ಟ್ರು ಕಡೀ ಬಸ್ಸಿಗೆ ಹೋದ್ರು. ಡಾಕ್ಟರಮ್ಮನ ಹತ್ರ ಹೋಗೋ ಮಾತು ಅಲ್ಲಿಗೇ ಬಿಟ್ಟೆ. ಮರುದಿನ ಮುಂಜಾನಿ ಎದ್ದು ಆ ತೌಡನ್ನೆಲ್ಲ ಬುಟ್ಟಿಲೇ ಹೊತ್ತು ತಿಪ್ಪಿಗೆ ಚೆಲ್ಲಿ ಬಂದೆ. ಪೆಟ್ಟಿಗಿಯ ಒಂದು ಕಡೆ ನಾನು, ಒಂದು ಕಡೆ ತಮ್ಮ ಹಿಡದು ಅಂಗಳಕ್ಕ ತಂದ್ವಿ. ಸೋಪಿನ ನೀರು ಹಾಕಿ ಒಳಗ ಹೊರಗ ತಿಕ್ಕಿ, ಬಾಯಿ ತೆರೆದು ಬಿಸಲಿಗೆ ಇಟ್ಟೆ. ಅದು ಒಣಗೋತನಕ ಕಟ್ಟಿ ಮ್ಯಾಲೆ ಕುಂತು, ತಮ್ಮನ ಹಳೇ ಪಂಜಿ ಹರದು ಕೂಸಿಗೆ ಬಟ್ಟಿ ಮಾಡಿದೆ.