ಕುಮಟಾದಿಂದ ಭಟ್ಕಳದ ಹೆರಿಗೆ ಡಾಕ್ಟರವರೆಗೆ

ಹುಬ್ಬಳ್ಳಿಯಿಂದ ಕುಮಟಾಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲವನ್ನು ಮೇಲೆ ಇಡಲು ಹೋದ. ಮೆತ್ತಗೆ ಉಬ್ಬಿದ ಜಾಗವನ್ನು ಒತ್ತಿ ನೋಡಿ, "ಏನೈತ್ರಿ ಅವ್ವಾರ, ಗೊಂಬಿ ಏನು?" ಎಂದ. "ಗರ್ಭಕೋಶ" ಎಂದೆ. ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿದರೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟನ್ನೂ ನನ್ನ ಕೈಗೆ ಕೊಡದೆ, ಪಕ್ಕದ ಸೀಟಿನವಳ ಮೂಲಕ ದಾಟಿಸಿದ.

ಗರ್ಭಕೋಶ ಬಟ್ಟೆಯದು. ಕೆಂಪು ಮಖಮಲ್ಲಿಗೆ ಹತ್ತಿ ತುಂಬಿ ನಾನೇ ಹೊಲಿದದ್ದು. ಎರಡೂ ಕಡೆ ನಾಳ, ತುದಿಗೆ ಅಂಡಾಶಯವೆಂದು ಎರಡು ಬಿಳಿ ಉಂಡೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಶಾಲೆ ಕಾಲೇಜು ಸುತ್ತಿ ಹುಡುಗ ಹುಡುಗಿಯರಿಗೆ ಅವರವರ ಮೈಯ ಸಂಗತಿ ಹೇಳುತ್ತೇನೆ. ಮುಟ್ಟು ಏಕೆ ಆಗುತ್ತದೆ, ಬಸಿರು ಹೇಗೆ ನಿಲ್ಲುತ್ತದೆ, ಬೇಡವಾದರೆ ತಡೆಯುವುದು ಹೇಗೆ, ಎದುರಿನವರು ಬೇಡ ಎಂದರೆ ಅಲ್ಲಿಗೆ ಕೈ ತೆಗೆಯಬೇಕು ಎನ್ನುವುದು. "ಈ ವಯಸ್ಸಿಗೆ ನಿನಗ್ಯಾಕೆ ಈ ಉಸಾಬರಿ?" ಎಂದು ಬಂಧುಗಳು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಅರಬೈಲ್ ಘಟ್ಟ ಇಳಿಯುತ್ತಲೇ ಸೆಕೆ ಮುಖಕ್ಕೆ ಹೊಡೆಯಿತು. ಅಂಕೋಲಾ ದಾಟಿ ಕುಮಟಾ ಸೇರಿದಾಗ ಹನ್ನೊಂದೂವರೆ. ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಹುರಿದದ್ದು, ಕುಡಿಯಲು ಹುಳಿಹುಳಿ ಕೋಕಂ ಕಡಿ, ಹೊಟ್ಟೆ ತುಂಬ ಉಂಡೆ. ಬಂಗಡೆ ಆವತ್ತು ಸಮುದ್ರದಿಂದ ಬಂದದ್ದಂತೆ. ಹುಬ್ಬಳ್ಳಿಯಲ್ಲಿ ನಾವು ತಿನ್ನುವುದು ಅದರ ನೆನಪು ಮಾತ್ರ ಎಂದು ಅಲ್ಲಿ ಗೊತ್ತಾಯಿತು.

ನನ್ನನ್ನು ಕರೆದಿದ್ದ ಕಾಲೇಜಿನ ಪ್ರಾಂಶುಪಾಲರು ಒಳ್ಳೆಯವರು, ಆದರೆ ಹೆದರಿದವರು. ಎಳನೀರು ಕೊಡಿಸಿ, ಬಾಗಿಲು ಅರ್ಧ ಮುಚ್ಚಿ, "ಮೇಡಂ, ಎಲ್ಲಾ ಹೇಳಿ, ಅಡ್ಡಿಲ್ಲ. ಸ್ವಲ್ಪ ಹಾರಿಸಿ ಹಾರಿಸಿ ಹೇಳಿ. ಹುಡುಗರನ್ನ ವಾಲಿಬಾಲ್ ಆಡೂಕೆ ಬಿಟ್ಟಿದ್ದೇನೆ" ಎಂದರು.

"ಹುಡುಗಿಯರು ಹುಡುಗರಿಲ್ದ ಬಸಿರಾಗ್ತಾರೇನ್ರಿ ನಿಮ್ಮ ಊರಾಗ?" ಎಂದು ಕೇಳಿದೆ. ಅವರ ಮುಖ ಕೆಂಪಾಯಿತು. ಹುಡುಗರು ಬರದಿದ್ದರೆ ಮುಂದಿನ ಬಸ್ಸಿಗೆ ಹೊರಡುತ್ತೇನೆಂದು ಚೀಲ ಎತ್ತಿಕೊಂಡೆ. ಕಾಲು ಗಂಟೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಹುಡುಗರೆಲ್ಲ ಬಂದು ಹಿಂದಿನ ಬೆಂಚುಗಳಲ್ಲಿ ಕೂತರು. ಮೊದಲ ಹತ್ತು ನಿಮಿಷ ಕಿಸಿಕಿಸಿ ನಗು. ಆಮೇಲೆ ಒಬ್ಬ ಹುಡುಗ ಎದ್ದು, ತನ್ನ ಅಕ್ಕ ಪ್ರತಿ ತಿಂಗಳು ಬೇರೆ ಚಾಪೆಯಲ್ಲಿ ಮಲಗುವುದು ಯಾವುದೋ ಅಂಟುರೋಗಕ್ಕೆ ಎಂದು ತಾನು ಇಷ್ಟು ದಿನ ತಿಳಿದಿದ್ದೆ ಎಂದ. ಯಾರೂ ನಗಲಿಲ್ಲ. ನಾನು ಒಂದು ಶಬ್ದವನ್ನೂ ಹಾರಿಸಲಿಲ್ಲ.

ಮರುದಿನ ಹೊನ್ನಾವರಕ್ಕೆ ಹೊರಟೆ. ಇಪ್ಪತ್ತು ಕಿಲೋಮೀಟರ್ ದಾರಿ. ಹೆದ್ದಾರಿಯ ಬದಿಗೆ ಕುಮಟಾದ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗಹಾಕಿ ಹೆಂಗಸರು ಕೂತಿದ್ದರು. ಹೊನ್ನಾವರದಲ್ಲಿ ಮಹಿಳಾ ಸಂಘದ ಗಿರಿಜಾ ಎಂಬವಳು ಕಾಲೇಜು ಹುಡುಗಿಯರನ್ನು ಸೇರಿಸುತ್ತೇನೆಂದು ಒಪ್ಪಿಕೊಂಡಿದ್ದಳು. ಸಭಾಭವನದ ಒಳಗೆ ಕಾಲಿಟ್ಟರೆ ಕುರ್ಚಿಗಳ ತುಂಬ ಅಜ್ಜಿಯರು! ನಾಲ್ಕಾರು ಅಜ್ಜಂದಿರೂ ಇದ್ದರು. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದು, ಬಲಗೈ ತೋಳು ಮೇಲೇರಿಸಿಕೊಂಡು ಕಾಯುತ್ತಿದ್ದರು.

ಆದದ್ದಿಷ್ಟು: ಗಿರಿಜಾಗೆ ಬ್ಯಾನರಿನ ಮೇಲೆ ವಿಷಯ ಬರೆಸಲು ನಾಚಿಕೆ. "ಉಚಿತ ಆರೋಗ್ಯ ಶಿಬಿರ" ಎಂದಷ್ಟೇ ಹಾಕಿಸಿದ್ದಳು. ಉಚಿತ ಶಿಬಿರವೆಂದರೆ ಬಿ.ಪಿ. ಮತ್ತು ಸಕ್ಕರೆ ಎಂದು ಊರಿಗೇ ಗೊತ್ತು. ಅಜ್ಜಿಯರು ಬೆಳಗಿನ ಚಹಾ ಕೂಡ ಬಿಟ್ಟು ಬಂದಿದ್ದರು. ಹುಡುಗಿಯರು ಇದ್ದದ್ದು ಮೂವರು, ಅವರೂ ನೀರು ಕೊಡಲು.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು. "ಅಕ್ಕೋರೇ, ಸೂಜಿ ಎಲ್ಲದೆ? ಹೊಟ್ಟೆ ಹಸಿದು ತಲೆ ತಿರ್ಗ್ತದೆ." ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನನ್ನನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಳು. ನಾನು ಸೂಜಿ ಇಲ್ಲವೆಂದು ಹೇಳಿ ಮಖಮಲ್ಲಿನ ಗರ್ಭಕೋಶ ತೆಗೆದು ಮೇಜಿನ ಮೇಲಿಟ್ಟೆ. ಅಜ್ಜಂದಿರು ಒಬ್ಬೊಬ್ಬರಾಗಿ ಕೊಡೆ ಹಿಡಿದು ಹೊರಬಿದ್ದರು. ಅಜ್ಜಿಯರು ಹೋಗಲಿಲ್ಲ. ಗಿರಿಜಾ ಓಡಿಹೋಗಿ ಒಗ್ಗರಣೆ ಅವಲಕ್ಕಿ, ಚಹಾ ತರಿಸಿದಳು.

ಎದ್ದು ನಿಂತಿದ್ದ ಅಜ್ಜಿಯ ಹೆಸರು ಮಾದೇವಿ. ಮಾವಳ್ಳಿಯವಳು, ಹೊನ್ನಾವರದ ಕಿರಿ ಮಗಳ ಮನೆಗೆ ಬಂದಿದ್ದಳು. ಮದುವೆ ಮನೆಗಳಲ್ಲಿ ಹಾಡು ಹೇಳುವವಳಂತೆ. ಗರ್ಭಕೋಶವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇಷ್ಟೇ ಇರೂದಾ? ಇದ್ರಲ್ಲಿ ಆರು ಮಕ್ಕಳು ಇದ್ವಾ ನಂದು?" ಎಂದಳು. ಭವನ ನಗೆಯಿಂದ ತುಂಬಿಹೋಯಿತು. ಎಲ್ಲರೂ ನಗುತ್ತಿದ್ದಾಗ ಅವಳು ನನ್ನ ಹತ್ತಿರ ಬಗ್ಗಿ, ದನಿ ತಗ್ಗಿಸಿದಳು.

"ನಮ್ಮ ಮೊಮ್ಮಗಳು ಅಕ್ಷತಾಗೆ ಮುಟ್ಟು ಬಂದ್ರೆ ಮೂರು ದಿನ ನೆಲ ಹಿಡಿದು ಮಲಗ್ತದೆ ಕೂಸು. ವಾಂತಿ ಮಾಡ್ತದೆ. ಕಾಲೇಜಿನ ಪರೀಕ್ಷೆಗೆ ಹೋಗೂಕಾಗ್ಲಿಲ್ಲ. ಡಾಕ್ಟರ್ ಹತ್ರ ಹೋಗ್ವ ಅಂದ್ರೆ ನನ್ನ ಸೊಸೆ ಕೇಳೂದಿಲ್ಲ. ಶಿರಾಲಿಯ ಗಂಡಿನ ಕಡೆಯವ್ರ ಹತ್ರ ಮದಿ ಮಾತು ನಡೀತದೆ, ಹೆರಿಗೆ ಡಾಕ್ಟರ್ ಮೆಟ್ಟಿಲು ಹತ್ತಿದ್ಲು ಅಂತ ಯಾರಾದ್ರೂ ಹೇಳಿದ್ರೆ ಎಂತ ಮಾಡೂದು ಅಂತಾಳೆ." ಆಮೇಲೆ ಚಹಾದ ಲೋಟ ಕೆಳಗಿಟ್ಟು ಒಮ್ಮೆಗೇ ಸಿಟ್ಟಾದಳು. "ಕೂಸು ದೊಡ್ಡವಳಾದಾಗ ಊರಿಗೆಲ್ಲಾ ಸಿಹಿ ಊಟ ಹಾಕಿ ನಾನೇ ಹಾಡು ಹೇಳಿದ್ದೆ. ಊರಿಗೆಲ್ಲಾ ಗೊತ್ತಾದ್ರೆ ಅಡ್ಡಿಲ್ಲ, ಡಾಕ್ಟರಿಗೆ ಗೊತ್ತಾಗೂಕಾಗ್ದು. ಇದೆಂತ ನ್ಯಾಯ ಅಕ್ಕೋರೇ?"

ಎಷ್ಟೋ ಊರುಗಳಲ್ಲಿ ಎಷ್ಟೋ ಭಾಷಣ ಮಾಡಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಿದ್ದು ನೆನಪಿಲ್ಲ. ನನ್ನ ಮುಂದಿನ ಕಾರ್ಯಕ್ರಮ ಭಟ್ಕಳದಲ್ಲಿ, ಮರುದಿನ ಮಧ್ಯಾಹ್ನ. ಮಾವಳ್ಳಿ ಅದೇ ದಾರಿಯಲ್ಲಿತ್ತು. "ಆತು, ಹೋಗ್ವ" ಎಂದು ಅವಳದೇ ಮಾತಿನಲ್ಲಿ ಹೇಳಿದೆ.

ಶರಾವತಿ ಸೇತುವೆ ದಾಟಿ, ಕಾಸರಕೋಡು, ಮಂಕಿ ಕಳೆದು ಬಸ್ಸು ನಮ್ಮನ್ನು ಇಳಿಸಿದಾಗ ಮಧ್ಯಾಹ್ನ ಮೂರು ಗಂಟೆ. ಮಾದೇವಿಯ ಮನೆ ಹೆದ್ದಾರಿಯಿಂದ ಹತ್ತು ನಿಮಿಷದ ನಡಿಗೆ, ಗದ್ದೆಯ ಅಂಚಿಗೆ. ಗದ್ದೆಯಲ್ಲಿ ಹರಿವೆ, ಬದನೆ ಬೆಳೆಸಿದ್ದರು. ಮಗ ಮೀನಿನ ಬೋಟಿಗೆ ಹೋಗಿದ್ದ. ಸೊಸೆ ಸಾವಿತ್ರಿ ಮುರ್ಡೇಶ್ವರದ ಹೋಟೆಲಿನಲ್ಲಿ ಚಾದರ ಒಗೆಯುವ ಕೆಲಸ ಮುಗಿಸಿ ಆಗತಾನೇ ಬಂದಿದ್ದಳು. ಜಗಲಿಯ ಮೂಲೆಯಲ್ಲಿ ಚಾಪೆಯ ಮೇಲೆ ಹುಡುಗಿಯೊಬ್ಬಳು ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು. ಬಿಸಿನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗೆ ಟವೆಲ್ ಸುತ್ತಿ ಹೊಟ್ಟೆಗೆ ಇಟ್ಟುಕೊಂಡಿದ್ದಳು. ತುಟಿ ಬಿಳಿಚಿತ್ತು. ಅವಳೇ ಅಕ್ಷತಾ, ಪದವಿ ಮೊದಲ ವರ್ಷದವಳು, ಹದಿನೆಂಟು ತುಂಬಿದವಳು.

ಸಾವಿತ್ರಿ ನನಗೆ ಬೆಲ್ಲ ನೀರು ಕೊಟ್ಟಳು. ನಾನು ಬಂದ ಕಾರಣ ತಿಳಿಯುತ್ತಲೇ ಮುಖ ಬಿಗಿಯಿತು. "ಡಾಕ್ಟರಿಗೆ ತೋರಿಸಿಯಾಗಿದೆ ಅಕ್ಕೋರೇ, ಹೋದ ವರ್ಷವೇ. ಎಂತ ಇಲ್ಲ ಅಂದ್ರು. ಇದು ಮನಸ್ಸಿಂದು."

ನಾನು ಅಕ್ಷತಾಳ ಪಕ್ಕ ಕೂತು, "ಡಾಕ್ಟರು ಏನೇನು ಕೇಳಿದ್ರವ್ವಾ? ಸ್ಕ್ಯಾನಿಂಗ್ ಮಾಡಿದ್ರಾ?" ಎಂದೆ.

"ನಾ ಹೋಗ್ಲೇ ಇಲ್ಲ" ಎಂದಳು ಅವಳು.

ಅತ್ತೆ ಸೊಸೆಯ ಮುಖ ನೋಡಿದಳು. ಸಾವಿತ್ರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಆಮೇಲೆ ಎಲ್ಲ ಹೊರಬಂತು. ಹೋದ ವರ್ಷ ಅವಳು ಒಬ್ಬಳೇ ಭಟ್ಕಳಕ್ಕೆ ಹೋಗಿ, ಮಗಳಿಗಾಗುವುದನ್ನೆಲ್ಲ ತನಗೆ ಆಗುತ್ತಿದೆ ಎಂದು ಡಾಕ್ಟರಿಗೆ ಹೇಳಿದ್ದಳು. ಅವಳನ್ನು ಮಲಗಿಸಿ ಒಳಪರೀಕ್ಷೆ ಮಾಡಿದ್ದರು. ಸ್ಕ್ಯಾನಿಂಗ್ ಮಾಡಿದ್ದರು. ಏನೂ ಸಿಗದೆ, ನಿಮಗೇನೂ ಇಲ್ಲ, ಯೋಚನೆ ಮಾಡಬೇಡಿ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಆ ಮಾತ್ರೆಯನ್ನೂ, ಆ ಮಾತನ್ನೂ ತಂದು ಮಗಳಿಗೆ ಕೊಟ್ಟಿದ್ದಳು. ಒಂದು ವರ್ಷದಿಂದ ಆ ಹುಡುಗಿ ತನ್ನ ನೋವು ಬರೀ ಮನಸ್ಸಿನ ಭ್ರಮೆ ಎಂದು ನಂಬಿಕೊಂಡು ಹಲ್ಲು ಕಚ್ಚಿದ್ದಳು.

ನನಗೆ ಮೈಯೆಲ್ಲ ಸಿಟ್ಟು ಬಂತು. ಆದರೆ ಮಗಳ ಹೆಸರಿಗೆ ಮಸಿ ತಾಗಬಾರದೆಂದು ಈ ತಾಯಿ ತನ್ನ ಮೈಯನ್ನೇ ಒಡ್ಡಿ ಬಂದಿದ್ದಳು. ಅವಳನ್ನು ಬೈಯುವುದು ಹೇಗೆ? ಬೈಯಬೇಕಾದದ್ದು ಮದುವೆಯಾಗದ ಹುಡುಗಿಗೆ ಗರ್ಭಕೋಶವೇ ಇಲ್ಲವೆಂದು ನಟಿಸುವ ಊರನ್ನು. ಅಂಥ ಊರು ಇದೊಂದೇ ಅಲ್ಲ. ನಮ್ಮ ಹುಬ್ಬಳ್ಳಿಯೂ ಅಂಥದ್ದೇ.

ನಾಳೆ ಎಲ್ಲರೂ ಹೋಗೋಣ ಎಂದೆ. ಸಾವಿತ್ರಿ ಕಣ್ಣೊರೆಸಿಕೊಂಡು ನೆಟ್ಟಗೆ ನನ್ನನ್ನೇ ನೋಡಿದಳು. "ನೀವು ಬಸ್ಸು ಹತ್ತಿ ನಿಮ್ಮೂರಿಗೆ ಹೋಗ್ತ್ರಿ ಅಕ್ಕೋರೇ. ಇಲ್ಲಿ ಇರೂದು ನಾವು. ಶಿರಾಲಿ ಸಂಬಂಧ ತಪ್ಪಿದ್ರೆ ನೀವು ಬಂದು ಮದಿ ಮಾಡಿಸ್ತ್ರಾ?"

ಉತ್ತರ ಕೊಟ್ಟವಳು ಚಾಪೆಯ ಮೇಲಿದ್ದ ಹುಡುಗಿ. ಗೋಡೆ ಹಿಡಿದು ಎದ್ದು ಕೂತಳು. "ಅಮ್ಮ, ನನ್ನ ನೋವು ನಿನ್ನ ಹೊಟ್ಟೆಲಿ ಹುಡುಕಿದ್ರೆ ಡಾಕ್ಟರಿಗೆ ಹೆಂಗೆ ಸಿಗ್ತದೆ? ನಾಳೆ ನಾ ಹೋಗ್ತೆ. ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ನಂದೇ ಅದೆ. ನೀ ಬಂದ್ರೆ ಬಾ."

ನಾನು ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಸಾವಿತ್ರಿ ತೆಳ್ಳೇವು ಎನ್ನುವ ತೆಳು ದೋಸೆ ಹೊಯ್ದು ಬಡಿಸಿದಳು, ಜೊತೆಗೆ ಹೊರಡಲಿಲ್ಲ. ನಾವು ಮೂವರೂ ಹೆದ್ದಾರಿಗೆ ಬಂದು ನಿಂತೆವು. ಅಕ್ಷತಾ ಅಜ್ಜಿಯ ಭುಜ ಹಿಡಿದು ನಿಂತಿದ್ದಳು. ಬಸ್ಸು ಬಂದು ನಿಂತ ಮೇಲೆ, ಇಸ್ತ್ರಿಯ ಸೀರೆ ಉಟ್ಟು ಓಡುತ್ತ ಬಂದ ಸಾವಿತ್ರಿ ಹಿಂದಿನ ಬಾಗಿಲಿನಿಂದ ಹತ್ತಿಕೊಂಡಳು. ದಾರಿಯಲ್ಲಿ ಶಿರಾಲಿ ಬಂದಾಗ ಸೆರಗು ಎಳೆದು ಮುಖ ಮುಚ್ಚಿಕೊಂಡಳು.

ಭಟ್ಕಳದ ಪೇಟೆ ಆಗಲೇ ಗಿಜಿಗುಡುತ್ತಿತ್ತು. ಬಟ್ಟೆ ಅಂಗಡಿ, ಅತ್ತರು ಅಂಗಡಿ, ಕನ್ನಡ ಉರ್ದು ಎರಡೂ ಬರೆದ ಬೋರ್ಡುಗಳು. ಡಾಕ್ಟರಮ್ಮನ ಕ್ಲಿನಿಕ್ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ನೇರ ರಸ್ತೆಗೇ ತೆರೆದಿತ್ತು, ಹತ್ತುವವರನ್ನು ಪೇಟೆಯೆಲ್ಲ ನೋಡಬಹುದು. ಅಕ್ಷತಾ ಪ್ರತಿ ಮೆಟ್ಟಿಲಿಗೂ ನಿಂತು ಹತ್ತಿದಳು. ಸಾವಿತ್ರಿ ನಮ್ಮನ್ನು ದಾಟಿ ಮುಂದೆ ಹೋಗಿ ಹೆಸರು ಬರೆಸಿ ಬಂದಳು. ಒಳಗೆ ಬೆಂಚು ತುಂಬಿತ್ತು. ಬುರ್ಖಾದ ಹೆಂಗಸೊಬ್ಬರು ಅಕ್ಷತಾಳ ಮುಖ ನೋಡಿದವರೇ, "ಬಾ ಬೇಟಿ, ಕೂತ್ಕೋ" ಎಂದು ಸರಿದು ಜಾಗ ಮಾಡಿದರು.

ಎದುರು ಬೆಂಚಿನಿಂದ ಒಬ್ಬಳು ದನಿ ತೆಗೆದಳು. "ಎಂತ ಸಾವಿತ್ರಿ, ಮತ್ತೆ ಬಂದ್ಯಾ? ಇನ್ನೂ ಕಮ್ಮಿ ಆಗ್ಲಿಲ್ವಾ ನಿಂಗೆ?" ಶಿರಾಲಿಯವಳು, ಹುಡುಗನ ಚಿಕ್ಕಮ್ಮ ಎಂದು ಮಾದೇವಿ ನನ್ನ ಕಿವಿಯಲ್ಲಿ ಹೇಳಿದಳು. ಸಾವಿತ್ರಿ ಮುಖದ ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಕೂಗಿದಳು. "ಸಾವಿತ್ರಿ, ನಲ್ವತ್ನಾಲ್ಕು ವರ್ಷ. ಒಳಗೆ ಬನ್ನಿ."

ಈ ಸಲವೂ ತನ್ನ ಹೆಸರನ್ನೇ ಬರೆಸಿದ್ದಳು! ನಾನು ಬಾಯಿ ತೆರೆಯಲು ಹೊರಟವಳು ತಡೆದುಕೊಂಡೆ. ಹೇಳಬೇಕಾದವಳು ನಾನಲ್ಲ. ಸಾವಿತ್ರಿ ಎದ್ದು ಎರಡು ಹೆಜ್ಜೆ ಹಾಕಿಯೂ ಆಗಿತ್ತು.

ಅಕ್ಷತಾ ಬೆಂಚಿನ ಅಂಚು ಹಿಡಿದು ಎದ್ದು ನಿಂತಳು. "ಸಿಸ್ಟರ್, ಹೆಸರು ತಿದ್ದಿ. ಪೇಶಂಟ್ ನಾನು. ಅಕ್ಷತಾ, ಹದಿನೆಂಟು ವರ್ಷ. ಮದಿ ಆಗ್ಲಿಲ್ಲ. ಮುಟ್ಟಿನ ನೋವು." ಕೊನೆಯ ಮಾತನ್ನು ಎದುರು ಬೆಂಚಿನವಳನ್ನು ನೋಡಿಯೇ ಹೇಳಿದಳು. ಸಾವಿತ್ರಿ ಹಿಂತಿರುಗಿ ಬಂದಳು, ಮುಖದ ಸೆರಗು ತೆಗೆದಳು, ಮಗಳ ಸೊಂಟಕ್ಕೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದಳು.

ಎಡಗಡೆಯ ಅಂಡಾಶಯದ ಮೇಲೆ ಗಂಟು ಇತ್ತು. ಮಾತ್ರೆಯಲ್ಲಿ ಹಿಡಿತಕ್ಕೆ ತರಲು ನೋಡೋಣ, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್, ಒಂದು ವರ್ಷ ಸುಮ್ಮನೆ ಹಾಳಾಯಿತು ಎಂದರು ಡಾಕ್ಟರಮ್ಮ. ಹೋದ ವರ್ಷದ ಕಥೆ ಕೇಳಿ ಮೊದಲು ಸಾವಿತ್ರಿಯನ್ನು ಗದರಿದರಂತೆ, ಆಮೇಲೆ ಅವಳ ಕೈ ಹಿಡಿದುಕೊಂಡರಂತೆ. ಅಕ್ಷತಾಗೆ ಹಿಡಿಸಿದ ಮಾತು ಒಂದೇ. "ನಂದು ಭ್ರಮೆ ಅಲ್ವಂತೆ ಅಕ್ಕೋರೇ" ಎಂದು ಮೆಟ್ಟಿಲಿಳಿಯುತ್ತ ಎರಡು ಸಲ ಹೇಳಿದಳು.

ಮಧ್ಯಾಹ್ನ ಭಟ್ಕಳದ ಹುಡುಗಿಯರ ಎದುರು ಮಖಮಲ್ಲಿನ ಗರ್ಭಕೋಶ ತೆಗೆದಾಗ ಮೂವರೂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಲು ಬಂದರು. ಸಾವಿತ್ರಿ ಕಿಟಕಿಯ ಕೆಳಗೆ ನಿಂತು ನಿಟ್ಟುಸಿರು ಬಿಟ್ಟಳು. "ಆ ಶಿರಾಲಿಯವಳು ಇಷ್ಟೊತ್ತಿಗೆ ಮನೆ ಮನೆಗೆ ಹೋಗಿ ಹೇಳಿರ್ತಾಳೆ."

ಬಸ್ಸು ಚಾಲೂ ಆಯಿತು. ಅದರ ಸದ್ದಿನ ಮೇಲೆ ಅಕ್ಷತಾಳ ದನಿ ಕೇಳಿತು.

"ಹೇಳ್ಲಿ ಅಮ್ಮ. ಆ ಮನೆಗಳಲ್ಲೂ ಹುಡುಗಿಯರು ಇದ್ದಾರೆ. ಡಾಕ್ಟರ್ ಎಲ್ಲಿದ್ದಾರೆ ಅಂತ ಅವ್ರಿಗೂ ಗೊತ್ತಾಗ್ಲಿ."